ಎರಡನೇ ಭಾನುವಾರದ ಅತ್ತೆಯರು

ಬಾಚಣಿಗೆಯ ಬಣ್ಣ ನನಗೆ ಖಚಿತವಿಲ್ಲ. ಹಸಿರು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ನನ್ನ ಜೊತೆ ಬೆಳೆದ ಇಬ್ಬರನ್ನು ಈಚೆಗೆ ಕೇಳಿದೆ. ಒಬ್ಬ ಕಪ್ಪು ಎಂದ. ಇನ್ನೊಬ್ಬ, ಬಾಚಣಿಗೆಯೇ ಇರಲಿಲ್ಲ, ಬರಿಗೈಲೇ ತೀಡುತ್ತಿದ್ದರು ಎಂದ. ಆದರೆ ಗದ್ದ ಹಿಡಿಯುತ್ತಿದ್ದ ಎಡಗೈಯ ಬಗ್ಗೆ ನಮ್ಮ ಮೂವರಲ್ಲೂ ಅನುಮಾನವಿಲ್ಲ. ಹೆಬ್ಬೆರಳು ಒಂದು ಕೆನ್ನೆಗೆ, ಉಳಿದ ನಾಲ್ಕು ಬೆರಳು ಇನ್ನೊಂದು ಕೆನ್ನೆಗೆ ಒತ್ತುತ್ತಿದ್ದವು. ಬಾಯಿ ಮೀನಿನ ಬಾಯಿಯ ಹಾಗೆ ಮುಂದೆ ಬರುತ್ತಿತ್ತು. ತಲೆ ಅಲ್ಲಾಡಿಸುವ ಹಾಗಿರಲಿಲ್ಲ. ಆ ಕೈಗೆ ಕೆಂಪು ಸೋಪು, ಕಜ್ಜಿಗೆ ಹಚ್ಚುವ ಗಂಧಕದ ಮುಲಾಮು, ಎರಡರ ವಾಸನೆಯೂ ಇತ್ತು.

ಅವರು ನಾನು ಬೆಳೆದ ಅನಾಥಾಶ್ರಮದ ವಾರ್ಡನ್. ನಾವೆಲ್ಲ ಅವರನ್ನು ಮಮ್ಮಿ ಅನ್ನಬೇಕಿತ್ತು. ಆಶ್ರಮ ಮಾಗಡಿಯಿಂದ ರಾಮನಗರದ ಕಡೆ ಹೋಗುವ ರಸ್ತೆಯಲ್ಲಿತ್ತು. ಅಂಗಳದಲ್ಲಿ ನಿಂತರೆ ಸಾವನದುರ್ಗದ ಬೆನ್ನು ಕಾಣುತ್ತಿತ್ತು. ಈಗ ಆಶ್ರಮ ಮುಚ್ಚಿದೆ, ಅವರೂ ಇಲ್ಲ. ಅವರ ಬಗ್ಗೆ ಬರೆಯುವ ಮೊದಲೇ ಒಂದು ಮಾತು ಹೇಳಿಬಿಡಬೇಕು. ಏನೇನು ನಡೆಯಿತು ಎನ್ನುವುದು ನನಗೆ ಪೂರ್ತಿ ಗೊತ್ತಿಲ್ಲ. ನನ್ನ ತಂಗಿಯನ್ನು ಮೂರೂವರೆ ವರ್ಷಕ್ಕೆ ಪರದೇಶದವರಿಗೆ ದತ್ತು ಕೊಟ್ಟರು. ಅದಕ್ಕೆ ಮೊದಲು ಯಾರೋ ಒಬ್ಬರು ಒಂದು ಸುಳ್ಳು ಹೇಳಿದ್ದರು. ಆ ಸುಳ್ಳು ಯಾರ ಬಾಯಿಂದ ಬಂತು ಎಂಬುದೊಂದನ್ನೇ ನಾನು ಇಪ್ಪತ್ತೈದು ವರ್ಷ ಹುಡುಕಿದ್ದು.

ನಾವು ಅನಾಥರಾಗಿರಲಿಲ್ಲ. ಅಪ್ಪ ಕುರಿ ಮಾರಲು ಹೋದವನು ಲಾರಿಗೆ ಸಿಕ್ಕಿ ಸತ್ತ. ಆಗ ನನಗೆ ಎಂಟು, ತಂಗಿ ಇನ್ನೂ ಎದೆಹಾಲು ಕುಡಿಯುತ್ತಿದ್ದಳು. ಅಪ್ಪನ ಕಡೆಯವರು ಅವ್ವನನ್ನು ಮನೆಯಿಂದ ಹೊರಹಾಕಿದರು. ಅವ್ವ ರಾಮನಗರಕ್ಕೆ ಹೋಗಿ ರೇಷ್ಮೆ ನೂಲು ಬಿಚ್ಚುವ ಶೆಡ್ಡಿಗೆ ಸೇರಿದಳು. ಬಿಸಿನೀರಿನ ಬೇಸನ್ನಿನಲ್ಲಿ ಬೇಯುವ ಗೂಡುಗಳಿಂದ ಎಳೆ ಹಿಡಿಯುವ ಕೆಲಸ. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಯಾರೋ ಆಶ್ರಮದ ದಾರಿ ತೋರಿಸಿದರು. ಆಶ್ರಮಕ್ಕೆ ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳು ಬೇಕಿತ್ತು. ಮಮ್ಮಿ ಅವ್ವನನ್ನು ಮೇಲಿಂದ ಕೆಳಗೆ ನೋಡಿ, ದಾಖಲಾತಿ ಪುಸ್ತಕ ತೆರೆದು, "ನೀನು ಮಕ್ಕಳ ಸೋದರತ್ತೆ ಅಂತ ಬರ್ಕೊಳ್ತೀನಿ. ಒಪ್ಪಿಗೆಯಾ?" ಎಂದು ಕೇಳಿದರಂತೆ. ಅವ್ವ ಒಪ್ಪಿದಳು. ಇದನ್ನು ನನಗೆ ಅವ್ವನೂ ಹೇಳಿದ್ದಾಳೆ, ಮಮ್ಮಿಯೂ ಹೇಳಿದ್ದಾರೆ. ಹಾಗಾಗಿ ಇಷ್ಟನ್ನು ನಂಬುತ್ತೇನೆ.

ಅಲ್ಲಿದ್ದ ಐವತ್ತು ಚಿಲ್ಲರೆ ಮಕ್ಕಳಲ್ಲಿ ಅರ್ಧಕ್ಕರ್ಧ ನಮ್ಮಂಥವರೇ. ತಿಂಗಳ ಎರಡನೇ ಭಾನುವಾರ, ಆರಾಧನೆ ಮುಗಿದ ಮೇಲೆ, ನೋಡಲು ಬರುವವರಿಗೆ ಎರಡು ಗಂಟೆ ಬಿಡುವು. ಅವತ್ತು ಬಸ್ಸಿಳಿದು ಬರುತ್ತಿದ್ದವರೆಲ್ಲ ಅತ್ತೆಯರು. ಗೇಟು ತೆರೆಯುವವರೆಗೆ ಹೊಂಗೆಮರದ ಕೆಳಗೆ ಕೂತು ಅವರು ತಮ್ಮತಮ್ಮಲ್ಲೇ ನಗಾಡುತ್ತಿದ್ದದ್ದು ನಮಗೆ ಕಾಂಪೌಂಡಿನ ಒಳಗೆ ಕೇಳಿಸುತ್ತಿತ್ತು.

"ಏನಮ್ಮಿ, ನಿನ್ ಅಳಿಯ ಚೆಂದಾಗವ್ನಾ?"

"ಅವ್ನ್ಗೇನು, ಬ್ರೆಡ್ಡು ತಿನ್ಕಂಡು ದುಂಡಗವ್ನೆ. ಹೊಟ್ಟೇಲಿ ಹೊತ್ತ ಮಗೀಗೇ ಅತ್ತೆ ಆಗ್ಬುಟ್ಟೆ. ನಾಳೆ ಸೊಸೆ ಬಂದ್ರೆ ಅವ್ಳ್ಗೇನಾಯ್ತೀನೋ."

"ನೀನು ಸತ್ತೋಗಿದ್ದೀಯ ಕಣಮ್ಮಿ, ಸುಮ್ನಿರು. ರಿಜಿಸ್ಟ್ರಲ್ಲಿ ಬರ್ದವ್ರೆ."

ಎಲ್ಲರೂ ನಗುತ್ತಿದ್ದರು. ಗೇಟು ತೆರೆದ ಕೂಡಲೇ ನಗು ನಿಲ್ಲುತ್ತಿತ್ತು.

ಒಳಗೆ ನಮ್ಮನ್ನು ಬೆಳಿಗ್ಗೆಯೇ ಸಾಲಾಗಿ ನಿಲ್ಲಿಸಿ ತಲೆ ಬಾಚುವುದು ಮಮ್ಮಿಯ ಕೆಲಸ. ಅದನ್ನು ಬೇರೆ ಯಾರಿಗೂ ಬಿಡುತ್ತಿರಲಿಲ್ಲ. ಗದ್ದ ಹಿಡಿದು, ಬೈತಲೆ ತೆಗೆಯುತ್ತ ಕೇಳುತ್ತಿದ್ದರು.

"ಅಪ್ಪ ಎಲ್ಲಿದ್ದಾರೆ?"

"ದೇವರ ಹತ್ರ."

"ಅಮ್ಮ?"

"ದೇವರ ಹತ್ರ."

"ಇವತ್ತು ನೋಡೋಕೆ ಯಾರು ಬರ್ತಾರೆ?"

"ಅತ್ತೆ."

"ಒಳ್ಳೇ ಹುಡುಗ."

ತಪ್ಪಿದರೆ ಹೊಡೆಯುತ್ತಿರಲಿಲ್ಲ. ತೆಗೆದ ಬೈತಲೆಯನ್ನು ಕೈಯಿಂದ ಕೆಡಿಸಿ, ನೀರು ಚಿಮುಕಿಸಿ, ಮೊದಲಿನಿಂದ ಬಾಚುತ್ತಿದ್ದರು. ಹಿಂದೆ ನಿಂತವರೆಲ್ಲ ಕಾಯಬೇಕು. ನಾಲ್ಕು ಸಲ ತಪ್ಪಿದ ಹುಡುಗನ ಮೇಲೆ ಹಿಂದಿನವರಿಗೇ ಸಿಟ್ಟು ಬರುತ್ತಿತ್ತು, ಆಮೇಲೆ ಬಚ್ಚಲಲ್ಲಿ ಅವನಿಗೆ ಬೀಳುತ್ತಿತ್ತು. ನಾನೂ ಹೊಡೆದಿದ್ದೇನೆ.

ತಂಗಿಗೆ ಮಾತು ಬಂದ ಹೊಸತು. ಒಂದು ಭಾನುವಾರ ದಾನಿಗಳು ಯಾರೋ ವರಾಂಡದಲ್ಲಿ ಕೂತಿದ್ದಾಗ ಅವಳು "ಅವ್ವಾ" ಎಂದು ಓಡಿಹೋಗಿ ಅವ್ವನ ಸೀರೆಯೊಳಗೆ ಮುಖ ತೂರಿಸಿದಳು. ಅವ್ವನ ಮೈಯೆಲ್ಲ ಬೆಂದ ಹುಳದ ವಾಸನೆ. ಬೇರೆ ಮಕ್ಕಳು ಮೂಗು ಮುಚ್ಚುತ್ತಿದ್ದರು, ತಂಗಿ ಮಾತ್ರ ಅದನ್ನು ಹಿಡಿದೇ ಬರುತ್ತಿದ್ದಳು. ದಾನಿಗಳು ಹೋದ ಮೇಲೆ ಮಮ್ಮಿ ದನಿ ಏರಿಸದೆ ಅವ್ವನಿಗೆ, "ಬರೋ ತಿಂಗಳು ಬರಬೇಡ. ಮಗು ಕಲೀಲಿ," ಎಂದರು. ಅವ್ವ ಆ ತಿಂಗಳು ಬರಲಿಲ್ಲ. ಅದರ ಮುಂದಿನ ತಿಂಗಳು ಬಂದವಳು ತಂಗಿಯನ್ನು ಮಡಿಲಲ್ಲಿ ಕೂರಿಸಿಕೊಂಡು, ಕಡಲೆಕಾಯಿ ಸುಲಿದು ಬಾಯಿಗಿಡುತ್ತ, ತಾನೇ ಪಾಠ ಹೇಳಿಕೊಟ್ಟಳು. "ಅತ್ತೆ ಅನ್ನು ಮಗ. ಒಂದ್ಸಲ ಅನ್ನು. ಇಲ್ದಿದ್ರೆ ನನ್ನ ಒಳೀಕೆ ಬುಡಾಕಿಲ್ಲ ಕಣ್ ಮಗ." ತಂಗಿ ಒಂದೊಂದು ಕಾಳಿಗೆ ಒಂದೊಂದು ಸಲ ಅತ್ತೆ ಎಂದಳು. ಇದು ನನ್ನ ಕಣ್ಣೆದುರಿಗೆ ನಡೆದದ್ದು ಎಂದು ಅನ್ನಿಸುತ್ತದೆ. ಅವ್ವ ಆಮೇಲೆ ಹೇಳಿದ್ದನ್ನು ಕಣ್ಣಾರೆ ಕಂಡೆನೆಂದು ಮಾಡಿಕೊಂಡಿರಲೂಬಹುದು.

ಮಮ್ಮಿಯನ್ನು ಕಪಟಿ ಎಂದು ಬರೆದರೆ ಕೆಲಸ ಸುಲಭವಾಗುತ್ತಿತ್ತು. ಅವರು ಹಾಗಿರಲಿಲ್ಲ. ಕನಕಪುರದ ಕಡೆಯ ಹಳ್ಳಿಯಲ್ಲಿ ಹುಟ್ಟಿ, ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು, ಮಿಶನರಿಗಳ ಹಾಸ್ಟೆಲಿನಲ್ಲಿ ಬೆಳೆದವರು. ಮದುವೆಯಾಗಲಿಲ್ಲ. ನಮ್ಮ ಕಜ್ಜಿ, ಕೀವು, ಹೇನು ಯಾವುದಕ್ಕೂ ಅಸಹ್ಯಪಟ್ಟವರಲ್ಲ. ನನಗೆ ಟೈಫಾಯಿಡ್ ಬಂದಾಗ ಬಸ್ಸು ಸಿಗದೆ, ನನ್ನನ್ನು ಬೆನ್ನಿಗೆ ಹಾಕಿಕೊಂಡು ಆಸ್ಪತ್ರೆಯವರೆಗೆ ನಡೆದರು. ಅವರಿಗೆ ಒಂದು ನಂಬಿಕೆ ಇತ್ತು, ಪ್ರಾರ್ಥನೆಯಲ್ಲಿ ಅದನ್ನು ಮತ್ತೆ ಮತ್ತೆ ಹೇಳುತ್ತಿದ್ದರು: "ದೇವರಿಗೆ ಹೆತ್ತ ಮಗ ಒಬ್ಬನೇ. ಮಿಕ್ಕ ನಾವೆಲ್ಲ ದತ್ತು." ದತ್ತುಹೋಗುವುದೆಂದರೆ ಅವರ ಪಾಲಿಗೆ ರಕ್ಷಣೆ ಹೊಂದುವುದೇ. ಹೆತ್ತವರ ಬಡತನದಿಂದ ಒಂದು ಮಗುವನ್ನು ಎತ್ತಿ ಒಳ್ಳೆಯ ಮನೆಗೆ ಇಟ್ಟರೆ ಅದು ತನಗೆ ದೇವರು ಮಾಡಿದ್ದನ್ನೇ ತಾನು ಮಾಡಿದ ಹಾಗೆ. ಆ ಎತ್ತುವಿಕೆಯಲ್ಲಿ ಕೆಳಗೆ ಉಳಿದವರು ಯಾರು ಎಂದು ಅವರು ನೋಡಲಿಲ್ಲ. ನೋಡಿದರೂ ಅದು ಅವರಿಗೆ ದೊಡ್ಡದಾಗಿ ಕಾಣಲಿಲ್ಲ.

ತಂಗಿಯನ್ನು ನೋಡಲು ಬಂದ ದಂಪತಿಗಳು ಯುರೋಪಿನವರು. ಗಂಡಸಿನ ಕುತ್ತಿಗೆ ಬಿಸಿಲಿಗೆ ಹುಣ್ಣಾಗಿತ್ತು. ಹೆಂಗಸು ನೆಲದ ಮೇಲೆ ಮಂಡಿಯೂರಿ ತಂಗಿಯನ್ನು ಕರೆದಳು. ಅವಳು ಅತ್ತದ್ದು ನನಗೆ ಚೆನ್ನಾಗಿ ನೆನಪಿದೆ, ಏಕೆಂದರೆ ದೊಡ್ಡ ಬಿಳಿ ಹೆಂಗಸೊಬ್ಬಳು ಅಳುವುದನ್ನು ನಾವು ಯಾರೂ ನೋಡಿರಲಿಲ್ಲ. ಒಬ್ಬ ನಗಲು ಶುರುಮಾಡಿ ಏಟು ತಿಂದ. ಅವರೂ ಭಕ್ತರೇ. ಅನಾಥ ಮಗುವಿಗೆ ಮನೆ ಕೊಡುವುದು ದೇವರು ತಮಗೆ ಹೇಳಿದ ಕೆಲಸ ಎಂದು ನಂಬಿ, ಎಷ್ಟೋ ವರ್ಷ ಕಾದು ಬಂದಿದ್ದರು. ಅವರಿಗೆ ಸುಳ್ಳು ಹೇಳಲಾಗಿತ್ತು, ಅವರು ಹೇಳಿದ್ದಲ್ಲ. ನಾನು ಅವರ ಕಣ್ಣಿಗೆ ಬೀಳಲಿಲ್ಲ. "ದೊಡ್ಡ ಮಕ್ಕಳು ಬೇರೆ ಮಣ್ಣಿಗೆ ಹಿಡಿಯಲ್ಲ," ಎಂದು ಮಮ್ಮಿ ಅಡುಗೆಯವಳಿಗೆ ಹೇಳುತ್ತಿದ್ದರು.

ತಿಂಗಳಿಗೊಮ್ಮೆ ಮಾಗಡಿಯಿಂದ ಆರಾಧನೆ ನಡೆಸಲು ಬರುತ್ತಿದ್ದ ಸಭಾಪಾಲಕರನ್ನು ಎಲ್ಲರೂ ಅಯ್ಯನವರು ಎನ್ನುತ್ತಿದ್ದರು. ಈ ದತ್ತಿನ ವಿಷಯಕ್ಕೆ ಅವರಿಗೂ ಮಮ್ಮಿಗೂ ಜಗಳವಾಯಿತು. ನಾನು ಕೇಳಿಸಿಕೊಂಡದ್ದಲ್ಲ. ದೊಡ್ಡವನಾದ ಮೇಲೆ ಇಬ್ಬರೂ ಬೇರೆ ಬೇರೆಯಾಗಿ ಹೇಳಿದರು, ಮಾತು ಹೆಚ್ಚುಕಮ್ಮಿ ಒಂದೇ.

"ಅನಾಥರನ್ನೂ ವಿಧವೆಯರನ್ನೂ ನೋಡ್ಕೊಳ್ಳಿ ಅಂತ ಬೈಬಲ್ಲು ಒಂದೇ ಉಸಿರಲ್ಲಿ ಹೇಳಿದೆಯಲ್ಲಮ್ಮ," ಎಂದರಂತೆ ಅಯ್ಯನವರು. "ನೀವು ಅನಾಥರನ್ನ ಒಳಗೆ ಕರ್ಕೊಂಡ್ರಿ, ವಿಧವೇನ ಗೇಟಿನಾಚೆ ಕೂರಿಸಿದ್ರಿ. ಆ ಹೆಂಗಸಿಗೆ ಒಂದು ಹೊಲಿಗೆ ಮಿಷನ್ ಕೊಡಿಸಿದ್ರೆ ಎರಡು ಮಕ್ಕಳೂ ಅವಳ ಹತ್ರಾನೇ ಇರ್ತಿದ್ವು."

"ಅಯ್ನೋರೇ, ಹೊಲಿಗೆ ಮಿಷನ್ನಿನ ಫೋಟೋ ನೋಡಿ ಯಾವ ದಾನೀನೂ ಅಳಲ್ಲ."

"ಹಾಗಾದ್ರೆ ಇದು ಅಳಿಸೋ ವ್ಯಾಪಾರವಾ?"

"ಅದೇ ಬೈಬಲ್ಲಲ್ಲಿ, ಬುಟ್ಟೀಲಿಟ್ಟು ನದಿಗೆ ಬಿಟ್ಟ ಕೂಸು ಅರಮನೆ ಸೇರಿ ಒಂದು ಜನಾನೇ ಗುಲಾಮಗಿರಿಯಿಂದ ಬಿಡಿಸಲಿಲ್ವಾ?"

"ಆ ಕೂಸಿಗೆ ಹಾಲು ಕೊಡೋಕೆ ಹೆತ್ತವಳನ್ನೇ ಕರೆಸಿದ್ರು, ಅದನ್ನ ಮರೀಬೇಡಿ. ಕೂಸಿನ ಅಕ್ಕ ದಡದಲ್ಲಿ ಕಾಯ್ತಾ ನಿಂತಿದ್ದು, ಓಡಿಹೋಗಿ ತಾಯಿನ ಕರ್ಕೊಂಡು ಬಂದಳು."

ಮಮ್ಮಿ ಆಗ ನಕ್ಕರಂತೆ. "ಕರ್ಕೊಂಡು ಬಂದಳು, ಸರಿ. ತಾಯಿ ಅಂತ ಹೇಳಿದ್ಳಾ? ದಾದಿ ಅಂತ ಹೇಳಿದ್ಳು. ನಾನು ಅತ್ತೆ ಅಂತ ಬರೆದಿದ್ದೀನಿ, ಅಷ್ಟೇ."

ನನ್ನೆದುರು ಇದನ್ನು ಹೇಳುವಾಗ ಅಯ್ಯನವರಿಗೆ ಎಪ್ಪತ್ತು ದಾಟಿತ್ತು. "ಆವತ್ತು ಪೊಲೀಸ್ ಹತ್ರ ಹೋಗ್ಬೇಕಿತ್ತು ನಾನು. ಬೈಬಲ್ಲಲ್ಲೇ ಜಗಳ ಆಡಿ ಮನೆಗೆ ಬಂದ್ಬಿಟ್ಟೆ," ಎಂದರು.

ಆಮೇಲಿನದು ನನಗೆ ಮುಖ್ಯವಾದ ದಿನ. ಕಾಗದಪತ್ರ ಹಿಡಿದು ಒಬ್ಬ ಹೆಂಗಸು ಜೀಪಿನಲ್ಲಿ ಬಂದರು. ದತ್ತು ಕೊಡುವ ಮಗುವಿಗೆ ಹೆತ್ತವರು ಇದ್ದಾರೋ ಇಲ್ಲವೋ ವಿಚಾರಿಸಿ ವರದಿ ಬರೆಯುವವರು. ನನ್ನ ನೆನಪಿನಲ್ಲಿ ಅದು ಎರಡನೇ ಭಾನುವಾರ. ಅವ್ವ ಹೊಂಗೆಮರದ ಕೆಳಗಿದ್ದಾಳೆ. ಆ ಹೆಂಗಸು ನನ್ನ ಹೆಗಲ ಮೇಲೆ ಕೈಯಿಟ್ಟು, ಅವ್ವನ ಕಡೆ ತೋರಿಸಿ, "ಅವರು ನಿನಗೇನಾಗಬೇಕಪ್ಪ?" ಎನ್ನುತ್ತಾರೆ. ಮಮ್ಮಿ ನೋಡುತ್ತಿದ್ದಾರೆ. ನಾನು "ಅತ್ತೆ" ಎನ್ನುತ್ತೇನೆ. ಜೋರಾಗಿ, ಹೇಳಿಕೊಟ್ಟ ಹಾಗೆ. ಹೆಂಗಸು ಬರೆದುಕೊಳ್ಳುತ್ತಾರೆ.

ತಂಗಿ ಹೋದದ್ದು ಒಂದು ಬುಧವಾರ, ನಾವೆಲ್ಲ ಶಾಲೆಯಲ್ಲಿದ್ದಾಗ. ಅವ್ವನಿಗೆ ಯಾರೂ ತಿಳಿಸಲಿಲ್ಲ. ಅವಳು ಎರಡನೇ ಭಾನುವಾರ ಎರಡು ಪೊಟ್ಟಣ ಕಡಲೆಕಾಯಿ ಹಿಡಿದು ಬಂದಳು. ಮಮ್ಮಿ ಗೇಟಿನ ಹತ್ತಿರವೇ ನಿಲ್ಲಿಸಿ, "ಮಗು ಒಳ್ಳೇ ಮನೆ ಸೇರಿತು. ಅತ್ತು ಶಕುನ ಕೆಡಿಸಬೇಡ, ಸಂತೋಷಪಡು," ಎಂದರು. ಅವ್ವ ಅಳಲಿಲ್ಲ. ಒಳಗೆ ಬಂದು ನನ್ನ ಪಕ್ಕ ಕೂತು ಎರಡೂ ಪೊಟ್ಟಣ ಸುಲಿದಳು. ಎರಡನ್ನೂ ನಾನೇ ತಿಂದೆ. ಇದರಲ್ಲಿ ನನಗೆ ಅನುಮಾನವಿಲ್ಲ, ಆ ಹೊಟ್ಟೆನೋವು ಇನ್ನೂ ನೆನಪಿದೆ. ಅದಾದ ಮೇಲೂ ಅವಳು ಎಷ್ಟೋ ತಿಂಗಳು ಎರಡೇ ಪೊಟ್ಟಣ ತಂದಳು.

ಹದಿನೇಳಕ್ಕೆ ನನಗೆ ಬುದ್ಧಿ ಬಂತು, ಅಥವಾ ಬಾಯಿ ಬಂತು. ಹತ್ತನೇ ತರಗತಿಯಾದ ಮೇಲೆ ರಾಮನಗರದಲ್ಲಿ ಅವ್ವನ ಬಾಡಿಗೆ ಕೋಣೆ ಸೇರಿದ್ದೆ. ಮಗಳನ್ನು ಬಿಟ್ಟುಕೊಟ್ಟವಳು ಎಂದು ಅವ್ವನನ್ನು ಆಡಬಾರದ್ದೆಲ್ಲ ಆಡಿದೆ, ಎರಡು ದಿನ ಊಟ ಬಿಟ್ಟೆ. ಅವ್ವ ಒಂದೇ ಮಾತು ಹೇಳುತ್ತಿದ್ದಳು: "ನಂಗೇನ್ ಗೊತ್ತಾಯ್ತದೆ ಮಗ." ಅದು ಹೇಗೋ ಮಮ್ಮಿಗೆ ತಲುಪಿತು. ಅವರು ಬಸ್ಸು ಹತ್ತಿ ನಮ್ಮ ಕೋಣೆಗೆ ಬಂದರು. ಬಾಗಿಲಲ್ಲೇ ನಿಂತು ನನಗೆ ಹೇಳಿದರು.

"ನಿನ್ನ ಅಮ್ಮನ್ನ ಯಾಕೆ ಬಯ್ತೀಯ? ಆ ಜೀಪಿನ ಮೇಡಂ ಕೇಳಿದಾಗ ಅತ್ತೆ ಅಂದೋನು ನೀನು. ಅಮ್ಮ ಅಂದಿದ್ರೆ ಅವತ್ತೇ ನಿಂತುಹೋಗ್ತಿತ್ತು. ನಾನೂ ತಡೀತಿರಲಿಲ್ಲ. ನೀನು ಹೇಳಿದ್ದು, ಅವರು ಬರ್ಕೊಂಡ್ರು."

ಅವ್ವ ಒಲೆಯ ಕಡೆ ತಿರುಗಿ ಕೂತಿದ್ದಳು.

ಅದಾದ ಮೇಲೆ ನಾನು ಅವ್ವನನ್ನು ಬಯ್ಯಲಿಲ್ಲ. ಮಮ್ಮಿ ಹೋಗುವ ಮೊದಲು, ಏನೂ ನಡೆದೇ ಇಲ್ಲವೆನ್ನುವಂತೆ, ನನ್ನ ಮಾರ್ಕ್ಸ್ ಕಾರ್ಡು ಕೇಳಿ ತೆಗೆದುಕೊಂಡರು. ಎರಡನೇ ಪಿಯುಸಿ ಮುಗಿದಾಗ ಬೆಂಗಳೂರಿನ ಕಾಲೇಜೊಂದರ ಆಫೀಸಿನ ಮುಂದೆ ಬೆಳಿಗ್ಗೆಯಿಂದ ಸಂಜೆಯವರೆಗೆ ಬೆಂಚಿನ ಮೇಲೆ ಕೂತು ನನಗೆ ಸೀಟು ಕೊಡಿಸಿದವರು ಅವರೇ. ಅವರ ಕಾಲು ಊದಿಕೊಂಡು ಚಪ್ಪಲಿ ಹಿಡಿಸದೆ ಕೈಯಲ್ಲಿ ಹಿಡಿದು ಬಸ್‌ಸ್ಟ್ಯಾಂಡಿಗೆ ನಡೆದರು. ನಾನು ಓದಿದ ಒಂದೊಂದು ಪುಸ್ತಕವೂ ಆ ಬೆಂಚಿನ ಋಣ. ಆ ಪುಸ್ತಕಗಳೇ ನನಗೆ ಅನುಮಾನಪಡುವುದನ್ನು ಕಲಿಸಿದವು. ಜೀಪಿನ ಹೆಂಗಸು, ಹೆಗಲ ಮೇಲಿನ ಕೈ, ಹೊಂಗೆಮರ, ಇವೆಲ್ಲ ಮಮ್ಮಿ ಆ ಬಾಗಿಲಲ್ಲಿ ನಿಂತು ಹೇಳುವ ಮೊದಲು ನನ್ನ ತಲೆಯಲ್ಲಿ ಇತ್ತೇ? ನೆನಪಿಸಿಕೊಳ್ಳಲು ನೋಡಿದಾಗಲೆಲ್ಲ ನೆನಪು ಇನ್ನಷ್ಟು ಸ್ಪಷ್ಟವಾಗುತ್ತಿತ್ತು, ಅದರಿಂದಲೇ ಅದರ ಮೇಲೆ ನಂಬಿಕೆ ಹೋಗುತ್ತಿತ್ತು.

ಅವ್ವ ಸಾಯುವವರೆಗೂ ಬೇಸನ್ನಿನ ಕೆಲಸ ಬಿಡಲಿಲ್ಲ. ಕಾಲೇಜಿನಲ್ಲಿ ಪಾಠ ಹೇಳುವ ಮಗನಿದ್ದರೂ ಬಿಡಲಿಲ್ಲ. ಕೊನೆಕೊನೆಗೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತುವ ಮಿಷನ್ನು ಅವಳ ಬೆರಳನ್ನು ಒಪ್ಪುತ್ತಿರಲಿಲ್ಲ. ಒಂದು ಸಲ ನಾನೂ ಜೊತೆಗಿದ್ದೆ.

"ಏನಜ್ಜಿ, ಬೆಳ್ಳೇ ಇಲ್ವಾ ನಿಂಗೆ?" ಎಂದ ಅಂಗಡಿಯವನು.

"ಬೆಳ್ಳವೆ ಕಣಪ್ಪ. ಗೆರೆ ಇಲ್ಲ. ಬಿಸ್ನೀರಲ್ಲಿ ಸವ್ದೋದ್ವು."

"ಗೆರೆ ಎಲ್ಲೋಯ್ತು?"

"ರೇಷ್ಮೆ ಸೀರೇಲಿ ಐತೆ. ಉಟ್ಕಂಡೋರ್ನ ಹೋಗ್ ಕೇಳು." ಆಮೇಲೆ ಎಡಗೈಯ ಹೆಬ್ಬೆರಳನ್ನು ಅವನ ಮೂಗಿನವರೆಗೆ ಹಿಡಿದಳು. "ಇಲ್ನೋಡು, ಒಂದ್ ಗೆರೆ ಐತೆ. ಕುಡ್ಲು ಕುಯ್ದಿದ್ದು, ಕುರಿಗೆ ಸೊಪ್ಪು ಕುಯ್ವಾಗ. ಇದ್ನ ತಗಳಾಕೇಳು ನಿನ್ ಮಿಷನ್ಗೆ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅಕ್ಕಿ ಸಿಕ್ಕಿತು. ಅವಳು ತೀರಿಕೊಂಡು ಮೂರು ವರ್ಷವಾಯಿತು. ಉಸಿರಾಟದ ತೊಂದರೆ.

ಆಶ್ರಮಗಳ ಕಾನೂನು ಬಿಗಿಯಾಗಿ, ಒಂದಾದ ಮೇಲೊಂದು ತಪಾಸಣೆ ಬಂದು, ಮಮ್ಮಿಯ ಆಶ್ರಮಕ್ಕೆ ಬೀಗ ಬಿತ್ತು. ಇದ್ದ ಮಕ್ಕಳಲ್ಲಿ ಮುಕ್ಕಾಲುಪಾಲು ಅತ್ತೆಯರ ಜೊತೆ ಮನೆಗೆ ಹೋದವು. ಮಮ್ಮಿ ಹಾರೋಹಳ್ಳಿಯಲ್ಲಿ ಅಣ್ಣನ ಮಗಳ ಮನೆ ಸೇರಿದರು. ಫ್ಯಾಕ್ಟರಿ ಕೆಲಸದವರಿಗೆಂದು ಕಟ್ಟಿದ ಸಾಲು ಕೋಣೆಗಳಲ್ಲಿ ಒಂದು. ಕಳೆದ ವರ್ಷ ನೋಡಲು ಹೋದೆ. ತಲೆಯಲ್ಲಿ ಕೂದಲು ಹೆಚ್ಚು ಉಳಿದಿರಲಿಲ್ಲ. ನನ್ನ ಹೆಸರು ಹೇಳಿದರೂ ಗುರುತು ಹತ್ತಲಿಲ್ಲ. ಅಣ್ಣನ ಮಗಳು ಕೆಲಸದ ಶಿಫ್ಟಿಗೆ ಹೊರಟಳು. ಇಬ್ಬರೇ ಉಳಿದೆವು. ಕೇಳಿಯೇಬಿಟ್ಟೆ.

"ಮಮ್ಮಿ, ಆ ಜೀಪಿನವರು ಬಂದ ದಿನ ಅತ್ತೆ ಅಂತ ಹೇಳಿದ್ದು ನಾನೇನಾ?"

ಅವರ ಎಡಗೈ ಮುಂದೆ ಬಂತು. ಗಡ್ಡದ ಮೇಲಿಂದಲೇ ನನ್ನ ಗದ್ದ ಹಿಡಿದರು, ಆ ವಯಸ್ಸಿನಲ್ಲೂ ಅಷ್ಟೇ ಬಿಗಿಯಾಗಿ.

"ಇವತ್ತು ನೋಡೋಕೆ ಯಾರು ಬರ್ತಾರೆ?"

"ಅತ್ತೆ," ಎಂದೆ. ಯೋಚಿಸುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು.

"ಒಳ್ಳೇ ಹುಡುಗ."

ಎರಡು ವಾರ ಕಳೆದು ತೀರಿಕೊಂಡರು. ಕನಕಪುರದ ಸಮಾಧಿ ತೋಟದಲ್ಲಿ ಹೂಳುವಾಗ ಅವರು ಸಾಕಿದ ಮಕ್ಕಳಲ್ಲಿ ಹನ್ನೊಂದು ಜನ ಬಂದಿದ್ದೆವು. ಓದಿದವನು ಎಂದು ನನ್ನನ್ನು ಮಾತಾಡಲು ನಿಲ್ಲಿಸಿದರು. ಆ ಬೆಂಚಿನ ವಿಷಯ ಹೇಳಿದೆ, ಟೈಫಾಯಿಡಿನ ವಿಷಯ ಹೇಳಿದೆ. ಬಾಚಣಿಗೆಯ ವಿಷಯ ಹೇಳಲಿಲ್ಲ. ಮಮ್ಮಿ ಎಂದೇ ಕರೆದೆ.

ಈ ವರ್ಷ ತಂಗಿಯ ಇಮೇಲ್ ಬಂತು. ಕನ್ನಡ ಅವಳಿಗೆ ಒಂದು ಪದವೂ ಬಾರದು. ಅಲ್ಲಿ ದತ್ತಿನ ಕಡತ ಕೇಳಿ ಪಡೆದು, ಅದರಲ್ಲಿದ್ದ ನನ್ನ ಹೆಸರು ಹಿಡಿದು ನನ್ನನ್ನು ಹುಡುಕಿದ್ದಳು. ತನ್ನನ್ನು ಬೆಳೆಸಿದವರು ಒಳ್ಳೆಯವರು, ಪ್ರತಿ ರಾತ್ರಿ ತೀರಿಹೋದ ನಮ್ಮ ತಾಯಿಗಾಗಿ ಅವರ ಜೊತೆ ಪ್ರಾರ್ಥಿಸುತ್ತಲೇ ಬೆಳೆದೆ ಎಂದು ಬರೆದಿದ್ದಳು. ಕಾಗದದಲ್ಲಿರುವ ಸೋದರತ್ತೆ ಬದುಕಿದ್ದಾಳೆಯೇ, ಬದುಕಿದ್ದರೆ ಬಂದು ಅವಳ ಕೈ ಹಿಡಿದು ಥ್ಯಾಂಕ್ಸ್ ಹೇಳಬೇಕು ಎಂದು ಕೇಳಿದ್ದಳು. ಇನ್ನೂ ಉತ್ತರ ಬರೆದಿಲ್ಲ.

ಕಡತದ ನಕಲನ್ನೂ ಕಳಿಸಿದ್ದಳು. ಹನ್ನೆರಡು ಪುಟ, ಎಲ್ಲ ಇಂಗ್ಲಿಷಿನಲ್ಲಿ. ಜೀಪಿನ ಹೆಂಗಸಿನ ವರದಿ ಇದೆ. ಅವರು ಬಂದದ್ದು ಭಾನುವಾರವಲ್ಲ, ಗುರುವಾರ. ಮಗುವಿನ ಅಣ್ಣ ಶಾಲೆಗೆ ಹೋಗಿದ್ದ ಕಾರಣ ಅವನನ್ನು ವಿಚಾರಿಸಿಲ್ಲ ಎಂದಿದೆ. ಆದರೆ ವರದಿಯೂ ಮಮ್ಮಿ ಕೊಟ್ಟ ಮಾಹಿತಿಯ ಮೇಲೆ ಬರೆದದ್ದೇ, ಅದನ್ನೂ ನಾನು ಪೂರ್ತಿ ನಂಬುವುದಿಲ್ಲ. ಒಂಬತ್ತನೇ ಪುಟದಲ್ಲಿ ಒಂದು ಹೇಳಿಕೆ ಇದೆ. ಮಕ್ಕಳ ತಂದೆ ತಾಯಿ ಇಬ್ಬರೂ ತೀರಿಕೊಂಡಿದ್ದಾರೆ, ನಾನು ಅವರ ಸೋದರತ್ತೆ, ಸಾಕುವ ಶಕ್ತಿ ನನಗಿಲ್ಲ, ಹುಡುಗಿಯನ್ನು ದತ್ತು ಕೊಡಲು ಒಪ್ಪಿದ್ದೇನೆ. ಅದರ ಕೆಳಗೆ, ಕನ್ನಡದಲ್ಲಿ ಓದಿ ವಿವರಿಸಲಾಗಿದೆ ಎಂದು ಮಮ್ಮಿಯ ರುಜು. ಅದರ ಪಕ್ಕ ಒಂದು ಹೆಬ್ಬೆಟ್ಟು.

ನಿಜವಾಗಿ ಓದಿ ಹೇಳಿದರೋ, ಹೇಳಿದ್ದರೂ ಅವ್ವನಿಗೆ ಅರ್ಥವಾಗಿತ್ತೋ, ಇನ್ನೊಂದು ಎರಡನೇ ಭಾನುವಾರ ತಪ್ಪಿಹೋಗುತ್ತದೆಂಬ ಭಯಕ್ಕೆ ಒತ್ತಿದಳೋ ನನಗೆ ಗೊತ್ತಿಲ್ಲ. ಮಮ್ಮಿ ನಮ್ಮ ಬಾಗಿಲಲ್ಲಿ ನಿಂತು ತಪ್ಪನ್ನು ನನ್ನ ಮೇಲೆ ಹೊರಿಸಿದ್ದು ಈ ಕಾಗದವನ್ನು ನನ್ನಿಂದ ಮುಚ್ಚಿಡಲೋ, ಅವ್ವನನ್ನು ನನ್ನ ಬಾಯಿಂದ ಉಳಿಸಲೋ, ಅದೂ ಗೊತ್ತಿಲ್ಲ. ಆ ಹೊತ್ತು ಅವ್ವ ಒಲೆಯ ಕಡೆ ಯಾಕೆ ತಿರುಗಿಕೊಂಡಿದ್ದಳು ಎಂಬುದು ಮಾತ್ರ ಈಗ ಬೇರೆಯಾಗಿ ಕಾಣುತ್ತದೆ.

ಅವ್ವನ ಟ್ರಂಕಿನಲ್ಲಿ ಅವಳು ವಿಧವಾ ವೇತನಕ್ಕೆ ಹಾಕಿದ್ದ ಹಳೆಯ ಅರ್ಜಿಯ ನಕಲು ಇತ್ತು. ಅದರ ಮೇಲಿನ ಹೆಬ್ಬೆಟ್ಟನ್ನೂ ಒಂಬತ್ತನೇ ಪುಟದ ಹೆಬ್ಬೆಟ್ಟನ್ನೂ ಒಂದೇ ಅಳತೆಗೆ ದೊಡ್ಡದು ಮಾಡಿಸಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡಿದೆ. ಎರಡೂ ನುಣ್ಣನೆಯ ಶಾಯಿಯ ಮಚ್ಚೆ. ಎರಡರಲ್ಲೂ ಬೆರಳಿನ ಗೆರೆ ಇಲ್ಲ. ಎರಡರ ನಡುವೆಯೂ, ಒಂದೇ ಜಾಗದಲ್ಲಿ, ಒಂದೇ ಓರೆಯಲ್ಲಿ, ಕುಡುಗೋಲಿನ ಬಿಳಿ ಗೀರು ಇದೆ.